ಬರಣಿಯೊಳಗಿನ ಸಮಪಾಲು

“ಕಾಕಾ, ನಿಮ್ಮ ಚಪ್ಪಲಿ ಸ್ವಲ್ಪ ಇತ್ತ ತರ್ರಿ. ಎರಡೂ ತರ್ರಿ.”

ಶಿದ್ಲಿಂಗಪ್ಪ ನೇರ್ಲಿ ಬೆಪ್ಪಾಗಿ, ಎದುರಿಗೆ ಕೂತ ಭಕ್ತಿಯ ಮುಖ ನೋಡಿದ. ಫೌಜದಾರನಾಗಿ ನಿವೃತ್ತನಾಗುವವರೆಗೆ ಅವನು ಕಳ್ಳರ ಚಪ್ಪಲಿ ಹಿಡಿದುಕೊಂಡು ಊರೂರು ಅಲೆದದ್ದುಂಟು. ತನ್ನ ಚಪ್ಪಲಿಯನ್ನು ಯಾರೂ ಕೇಳಿರಲಿಲ್ಲ.

ಗೋಕಾಕದ ಗೊಂಬೆ ಕೆಲಸದ ಯಲ್ಲಪ್ಪ ತನ್ನ ಗೆಳೆಯ, ಹುಕ್ಕೇರಿಯ ವೀರಪ್ಪನಿಗೆ ಊಟದಲ್ಲಿ ವಿಷ ಹಾಕಿದನೆಂದು ಜೈಲು ಸೇರಿದ್ದ. ನಾಳೆ ಅವನ ಜಾಮೀನಿನ ವಿಚಾರಣೆ. ವೀರಪ್ಪನ ಲಿವರಿನ ತುಂಡಿದ್ದ ಬರಣಿಯನ್ನು ಕೋರ್ಟಿನ ಅಪ್ಪಣೆಯಂತೆ ಎರಡನೆಯ ಸಲ ಪರೀಕ್ಷೆ ಮಾಡಿದವಳು ಭಕ್ತಿ. ಬೆಳಗಾವಿಯ ಔಷಧ ಕಾಲೇಜೊಂದರಲ್ಲಿ ಪಾಠ ಹೇಳುವ ಅವಳು ರವಿವಾರಕ್ಕೆಂದು ಮೂಡಲಗಿಯ ತವರಿಗೆ ಬಂದಿದ್ದಳು.

“ಚಪ್ಪಲಿ ಹೊಸ್ತಿಲಾ ದಾಟಬಾರದ್ರಿ ಸಾಹೇಬ್ರ,” ಒಳಗಿನಿಂದ ಅವಳ ತಾಯಿ ಜಿನ್ನವ್ವನ ದನಿ ಬಂತು. “ಆ ಲಿವರಿನ ಸುದ್ದೀನೂ ಅಲ್ಲೇ ಕಟ್ಟಿ ಮ್ಯಾಲ ಮುಗಿಸಿ ಬರ್ರಿ. ಊಟದ ಮನಿ ಇದು.”

ಶಿದ್ಲಿಂಗಪ್ಪ ನಕ್ಕು, ಚಪ್ಪಲಿಗಳನ್ನು ತಂದು ಕಟ್ಟೆಯ ಮೇಲೆ ಅವಳ ಮುಂದಿಟ್ಟ.

“ಇವೆರಡರಾಗ ಫರಕ ಏನೈತ್ರಿ?” ಭಕ್ತಿ ಕೇಳಿದಳು.

“ಒಂದು ಬಲಗಾಲಿಂದು, ಒಂದು ಎಡಗಾಲಿಂದು.”

“ತೂಕ?”

“ಎರಡರದೂ ಒಂದ.”

“ಚರ್ಮ, ಹೊಲಿಗಿ, ಮೊಳಿ?”

“ಎಲ್ಲಾ ಒಂದ. ಒಬ್ಬನ ಕೈಯಾಂದು.”

“ಆದ್ರೂ ಇದು ಆ ಕಾಲಿಗೆ ಕೂಡೂದಿಲ್ಲ. ಯಲ್ಲಪ್ಪಣ್ಣ ಗೊಂಬಿಗೆ ಹೊಳಪು ಕೊಡಾಕ ರಾಳಕ್ಕ ಬೆರಸ್ತಾನಲ್ಲರಿ, ಸ್ಟೈರೀನ್ ಆಕ್ಸೈಡ್ ಅನ್ನೂ ಎಣ್ಣಿ? ಅದರ ಕಣಾನೂ ಹಿಂಗ. ಬಲಗಾಲಿನ ಕಣ, ಎಡಗಾಲಿನ ಕಣ. ಕಾರ್ಖಾನ್ಯಾಗ ಡಬ್ಬಿ ತುಂಬೂವಾಗ ಎರಡೂ ಸರಿ ಅರ್ಧ ಇರ್ತಾವ.”

“ಸರಿ. ಮುಂದ?”

“ಈ ಜಾತಿ ಎಣ್ಣಿಗೆ ಎಪಾಕ್ಸೈಡ್ ಅಂತಾರ. ಮೈಯಾಗ ಹೋದ್ರ ಸುಮ್ಮನ ಕೂಡೂದಿಲ್ಲ, ಸಿಕ್ಕದ್ದನ್ನ ಕೆಡಸ್ತೈತಿ. ಅದಕ್ಕ ಲಿವರಿನ್ಯಾಗ ಒಂದು ಕಿಣ್ವ ಕಾವಲಿಗೆ ಐತಿ. ನೀರು ಸೇರಿಸಿ ಆ ಕಣಾ ಒಡದು ಹಾಕತೈತಿ. ಆದ್ರ ಅದರದೂ ಒಂದು ಚಟಾ ನೋಡ್ರಿ. ಎರಡೂ ಮುಂದಿಟ್ರ ಬಲಗಾಲಿಂದನ್ನ ಮೊದಲ ಹಿಡೀತೈತಿ. ಎಡಗಾಲಿನವು ಹಿಂದ ಉಳೀತಾವ.”

ಶಿದ್ಲಿಂಗಪ್ಪ ಬಲಗಾಲ ಚಪ್ಪಲಿಯನ್ನು ತೆಗೆದು ಕಟ್ಟೆಯ ಕೆಳಗಿಟ್ಟ. ಎಡಗಾಲಿನದು ಒಂಟಿಯಾಗಿ ಉಳಿಯಿತು. ಅವನಿಗೆ ಈಗ ಮಾತಿನ ದಾರಿ ಕಂಡಿತ್ತು.

“ಅಂದ್ರ, ವೀರಪ್ಪ ಆ ಎಣ್ಣಿ ಉಂಡದ್ದು ಖರೆ ಇದ್ರ, ಅವನ ಲಿವರಿನ್ಯಾಗ ಎಡಗಾಲಿನವ ಜಾಸ್ತಿ ಸಿಗಬೇಕಿತ್ತು.”

“ಹೌದ್ರಿ.”

“ನಿನಗ ಎಷ್ಟು ಸಿಕ್ಕಾವು?”

“ಸರಿ ಅರ್ಧ,” ಎಂದಳು ಭಕ್ತಿ. “ಡಬ್ಬಿಯೊಳಗ ಹೆಂಗ ಇರ್ತಾವೋ ಹಂಗ. ಮೂರು ಸಲ ಮಾಡಿ ನೋಡೀನ್ರಿ ಕಾಕಾ. ಆ ಎಣ್ಣಿಗೆ ಲಿವರ್ ಕೈನ ಹಚ್ಚಿಲ್ಲ.”

ಶಿದ್ಲಿಂಗಪ್ಪನಿಗೆ ಮಾತು ಒಪ್ಪಿತು. ಆದರೆ ಹಳೆಯ ಪೊಲೀಸ್ ಬುದ್ಧಿ ಅಷ್ಟಕ್ಕೇ ಬಿಡಲಿಲ್ಲ.

“ಸರಕಾರಿ ವಕೀಲ ಸುಮ್ಮನ ಕೂಡೂದಿಲ್ಲ ತಂಗಿ. ಉಂಡ ಕೂಡ್ಲೇ ಸತ್ತಾನ, ಸತ್ತಾವನ ಲಿವರ್ ಹೆಂಗ ಕೆಲಸಾ ಮಾಡೀತು ಅಂತ ಕೇಳ್ತಾನ.”

“ಕೇಳಲಿ. ಮದಲನೇದು, ಯಲ್ಲಪ್ಪಣ್ಣನ ಮನ್ಯಾಗ ಉಂಡಿದ್ದು ಮಧ್ಯಾಹ್ನ, ಸತ್ತದ್ದು ಮರುದಿನ ಮುಂಜಾನಿ. ಎರಡನೇದು,” ಭಕ್ತಿಯ ಕಣ್ಣು ಮಿನುಗಿದವು, “ಈ ಕಿಣ್ವಕ್ಕ ಉಸರು ಬ್ಯಾಡ, ನೆತ್ತರು ಬ್ಯಾಡ. ನೀರಷ್ಟ ಇದ್ರ ಸಾಕು. ಮನಶ್ಯಾ ಸತ್ತ ಮ್ಯಾಲೂ ಕೆಲವು ತಾಸು ಅದು ತನ್ನ ಕೆಲಸಾ ಮಾಡತಾನ ಇರ್ತೈತಿ. ನಿಲ್ಲೂದು ಯಾವಾಗ? ಲಿವರ್ ಕೊಯ್ದು, ದಟ್ಟ ಉಪ್ಪುನೀರಿನ ಬರಣ್ಯಾಗ ಹಾಕಿ, ತಂಪಿನ್ಯಾಗ ಇಟ್ಟಾಗ.”

“ಹಂಗಾದ್ರ ಹೆಣದ ಬಾಯಾಗೂ ಯಾರೂ ಸುರುವಿಲ್ಲ.”

“ಇಲ್ಲ. ಬರಣ್ಯಾಗ ಸುರುವ್ಯಾರ.”

ಬೀದಿಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಹೋಯಿತು.

“ಇನ್ನೊಂದು ಐತ್ರಿ,” ಭಕ್ತಿ ದನಿ ತಗ್ಗಿಸಿದಳು. “ಅದೇ ಲಿವರಿನ ಚೂರು ತೊಳದು, ಉಪ್ಪು ತಗದು, ಹೊಸಾ ಎಣ್ಣಿ ಹಾಕಿ ನೋಡಿದೆ. ಕಿಣ್ವ ಎದ್ದು ಕೆಲಸಾ ಮಾಡ್ತು. ಬಲಗಾಲಿನವ ಕಡಿಮಿ ಆದವು. ಕೋರ್ಟಿನ್ಯಾಗ ಅದನ್ನೂ ತೋರಿಸ್ತೇನಿ. ಆದ್ರ ಬಾಳ ನಿಧಾನ ಮಾಡ್ತು ಕಾಕಾ. ಇರಬೇಕಾದ್ದಕ್ಕಿಂತ ಬಾಳ ನಿಧಾನ. ಉಪ್ಪಿನ್ಯಾಗ ಇದ್ದದ್ದಕ್ಕೋ, ಬ್ಯಾರೆ ಏನಕ್ಕೋ ನನಗ ತಿಳೀವಲ್ದು.”

“ಬ್ಯಾರೆ ವಿಷಾ ಏನರ?”

“ಹೊಲಕ್ಕ ಹೊಡಿಯೂ ಎಣ್ಣಿ, ಇಲಿ ಔಷಧ, ನಿದ್ದಿ ಗುಳಗಿ, ಎಲ್ಲಾ ಹುಡುಕೇನಿ. ಒಂದೂ ಇಲ್ಲ. ನನಗ ಕಂಡಷ್ಟರ ಮಟ್ಟಿಗೆ ವೀರಪ್ಪ ಯಾವ ವಿಷಾನೂ ಕುಡದಿಲ್ಲ, ಯಾರೂ ಕುಡಿಸಿನೂ ಇಲ್ಲ.”

ಜಿನ್ನವ್ವ ಊಟಕ್ಕೆ ಕರೆದಳು. ಶಿದ್ಲಿಂಗಪ್ಪ ಆಗಲೇ ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದಿದ್ದ.

“ಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಯಾ ಮಾಡೇನ್ರಿ, ಹಂಗ ಹೊಂಟ್ರೆಲ್ಲ!”

“ಯಲ್ಲಪ್ಪನ್ನ ಕರಕೊಂಡ ಬಂದು ಉಣ್ತೇನ್ರಿ ಅವ್ವಾರ,” ಎಂದು ಅವನು ತನ್ನ ಎಂ-80 ಗಾಡಿಯನ್ನು ಒದ್ದು ಚಾಲೂ ಮಾಡಿದ.

*

ಗೋಕಾಕದ ಗೊಂಬೆ ಓಣಿಯಲ್ಲಿ ಯಲ್ಲಪ್ಪನ ಮನೆಯ ಪಡಸಾಲೆ ತುಂಬ ಕಟ್ಟಿಗೆಯ ಹಣ್ಣುಗಳಿದ್ದವು. ಸೀತಾಫಲ, ಪೇರಲ, ಬಾಳೆ. ಬಣ್ಣ ಹಚ್ಚುವವನು ಜೈಲಿಗೆ ಹೋದಂದಿನಿಂದ ಅವು ಬಿಳಿಚಿಕೊಂಡೇ ಬಿದ್ದಿದ್ದವು. ಬಣ್ಣದ ಕೋಣೆಯ ಕಿಟಕಿ ಮುಚ್ಚಿತ್ತು.

ಯಲ್ಲಪ್ಪನ ಹೆಂಡತಿ ಅಲ್ಲವ್ವ ಬಾಗಿಲಲ್ಲೇ ನಿಂತು ಶಿದ್ಲಿಂಗಪ್ಪನ ಮುಖ ಓದುವುದಕ್ಕೆ ನೋಡಿದಳು. ಗಂಡನ ಪರವಾಗಿ ಮಾತಾಡಲು ಓಣಿಯವರೂ ಹೆದರಿದಾಗ ಬಸ್ಸು ಹತ್ತಿ ಬಂದು ಶಿದ್ಲಿಂಗಪ್ಪನ ಮನೆಯ ಮುಂದೆ ಕೂತ ಹೆಣ್ಣುಮಗಳು ಅವಳು.

“ಯಲ್ಲಪ್ಪನ ಎಣ್ಣಿ ವೀರಪ್ಪನ ಹೊಟ್ಟಿಗೆ ಹೋಗೇ ಇಲ್ಲವಾ,” ಎಂದ ಅವನು. “ಸತ್ತ ಮ್ಯಾಲ ಬರಣ್ಯಾಗ ಯಾರೋ ಸುರುವ್ಯಾರ. ನಾಳಿ ಭಕ್ತಿಯವ್ವ ಕೋರ್ಟಿಗೆ ಬಂದು ಹೇಳ್ತಾಳ.”

ಅವಳು ಅಳಲಿಲ್ಲ. “ನಾ ಮಾಡಿದ್ದ ಅಡಗೀರಿ ಅದು,” ಎಂದಳು ಮೆಲ್ಲಗೆ. “ವೀರಪ್ಪಣ್ಣ ಎರಡು ಸಲ ಹಾಕಿಸ್ಕೊಂಡು ಉಂಡಿದ್ದ. ಅಂದಿನಿಂದ ಒಲಿ ಮುಂದ ಕೂಡಾಕ ಹೆದರಿಕಿ ಆಗತಿತ್ತು.”

“ಒಂದು ಮಾತು ನೆನಪ ಮಾಡ್ಕೋ. ವೀರಪ್ಪ ತೀರಿಕೊಂಡ ದಿನಾ ಈ ಬಣ್ಣದ ಕ್ವಾಣಿಗೆ ಹೊರಗಿನಾವ್ರು ಯಾರರ ಬಂದಿದ್ರೇನ?”

“ಯಾರೂ ಇಲ್ರಿ.” ಅವಳು ತಡೆದಳು. “ಸುದ್ದಿ ಹೇಳಾಕ ಅವನ ತಮ್ಮ ಮುರಿಗೆಪ್ಪ ಬಂದಿದ್ದ. ನೀರು ತರಾಕಂತ ಒಳಗ ಹೋದೆ. ಬರೂದ್ರಾಗ ಆಂವ ಬಣ್ಣದ ಕ್ವಾಣ್ಯಾಗ ಗ್ವಾಡಿ ಕಡೆ ಮುಖಾ ಮಾಡಿ ನಿಂತಿದ್ದ. ಅಳಾಕತ್ತಾನ ಅಂತ ನಾನೂ ಏನ ಕೇಳಲಿಲ್ಲ.”

ಶಿದ್ಲಿಂಗಪ್ಪನ ಕಣ್ಣ ಮುಂದೆ ಕೋರ್ಟಿನ ಮುದ್ದೇಮಾಲು ಕೋಣೆಯಲ್ಲಿ, ಸಾಕ್ಷ್ಯದ ವಸ್ತುಗಳ ನಡುವೆ ನೋಡಿದ, ಆ ಬರಣಿಯನ್ನಿಟ್ಟು ಕಳಿಸಿದ್ದ ಕಟ್ಟಿಗೆಯ ಪೆಟ್ಟಿಗೆ ಬಂತು. ಮುಂದೆ ಅರಗಿನ ಮುದ್ರೆ ಸ್ವಲ್ಪವೂ ಬಿರುಕು ಬಿಟ್ಟಿರಲಿಲ್ಲ. ಆದರೆ ಹಿಂದಿನ ಕೀಲುಗಳ ಸ್ಕ್ರೂಗಳ ತಲೆಗಳು ಮಾತ್ರ ಹೊಸದಾಗಿ ಗೀಚಿದಂತೆ ಹೊಳೆಯುತ್ತಿದ್ದವು. ಆಗ ಅದನ್ನು ಅವನು ಹಳೆಯ ಪೆಟ್ಟಿಗೆಯ ರಿಪೇರಿ ಎಂದುಕೊಂಡಿದ್ದ.

ಮೊದಲ ಪರೀಕ್ಷೆಗೆಂದು ಹೊರಟ ಆ ಪೆಟ್ಟಿಗೆ ಹುಕ್ಕೇರಿಯಿಂದ ಘಟಪ್ರಭಾ ರೈಲು ಸ್ಟೇಶನ್ನಿನ ತನಕ ಹೋದದ್ದು ಮುರಿಗೆಪ್ಪನ ಜೀಪಿನಲ್ಲಿ. ಬಸ್ಸಿಗೆ ಕಾಯುವುದು ಬೇಡ, ರೈಲಿಗೆ ಮುಟ್ಟಿಸುತ್ತೇನೆಂದು ತಾನಾಗಿಯೇ ಮುಂದೆ ಬಂದಿದ್ದ.

ಶಿದ್ಲಿಂಗಪ್ಪ ಗಾಡಿಯ ಕಡೆ ತಿರುಗಿದಾಗ ಹಿಂದೆ ಸದ್ದಾಯಿತು. ಅಲ್ಲವ್ವ ಬಣ್ಣದ ಕೋಣೆಯ ಕಿಟಕಿಯ ಕದಗಳನ್ನು ಜಗ್ಗಿ ತೆರೆಯುತ್ತಿದ್ದಳು.

*

ಧುಪದಾಳದ ಒಡ್ಡಿನ ಮೇಲಿಂದ ನೀರು ತೆಳ್ಳಗೆ ಜಾರುತ್ತಿತ್ತು. ಕಾಲುವೆಯ ಬಾಜೂಕ್ಕೆ ವೀರಪ್ಪ ಮುರಿಗೆಪ್ಪ ಅಣ್ಣತಮ್ಮಂದಿರ ಕಬ್ಬಿನ ಹೊಲ. ಇಳಿಹೊತ್ತಿನ ಬಿಸಿಲಲ್ಲಿ ಮುರಿಗೆಪ್ಪ ಒಡ್ಡಿನ ಕಲ್ಲಿನ ಮೇಲೆ ಒಬ್ಬನೇ ಕೂತಿದ್ದ. ಗಡ್ಡ ಬೆಳೆದಿತ್ತು. ತುಸು ದೂರದ ಪಂಪಿನ ಕೋಣೆಯ ನೆರಳಲ್ಲಿ ಆಳುಮಗ ಹೊಳೆಪ್ಪ ಕುಡಗೋಲು ಮಸೆಯುತ್ತಿದ್ದ. ವೀರಪ್ಪನನ್ನು ಸಣ್ಣವನಿದ್ದಾಗ ಹೆಗಲ ಮೇಲೆ ಹೊತ್ತು ತಿರುಗಿದ ಮುದುಕ ಅವನು.

“ಬರ್ರಿ ಸಾಹೇಬ್ರ. ಇಷ್ಟ ದೂರ?”

“ನಿಮ್ಮ ಜೀಪಿನ್ಯಾಗ ಸ್ಕ್ರೂಡ್ರೈವರ್ ಐತೇನ್ರಿ ಮುರಿಗೆಪ್ಪ?”

“ಐತಿ. ಯಾಕ್ರಿ, ಗಾಡಿ ಕೆಟ್ಟೈತೇನು?”

“ಗಾಡಿ ಚಲೋ ಐತಿ. ಪೆಟಗಿ ಕೀಲು ಬಿಚ್ಚಾಕ ಅದ ಸಾಕಾಗತೈತೇನಂತ ಕೇಳಿದೆ.”

ಮುರಿಗೆಪ್ಪ ಕೈಯಲ್ಲಿದ್ದ ಸಣ್ಣ ಕಲ್ಲನ್ನು ನೀರಿಗೆ ಎಸೆದ.

“ಪೆಟಗಿ ಕಾಯಬೇಕಾದ ಪೊಲೀಸ ಘಟಪ್ರಭಾದಾಗ ಜೀಪಿನಿಂದ ಚಾ ಕುಡ್ಯಾಕ ಇಳದ,” ಶಿದ್ಲಿಂಗಪ್ಪ ಪಕ್ಕದ ಕಲ್ಲಿನ ಮೇಲೆ ಕೂತು, ಹೊಲದ ಸುದ್ದಿ ಮಾತಾಡುವವನಂತೆ ಹೇಳಿದ. “ಮುದ್ರಿ ಮುಂದಿತ್ತು. ನೀವು ಹಿಂದಿನಿಂದ ತಗದ್ರಿ. ಒಳಗ ಬರಣಿ ಬಾಯಿಗೆ ಬರೇ ಬಟ್ಟಿ ಕಟ್ಟಿತ್ತು.”

“ಯಾರ ನೋಡ್ಯಾರ?”

“ನಿಮ್ಮಣ್ಣನ ಲಿವರ್ ನೋಡೇತಿ.”

“ಸಾಹೇಬ್ರ, ಸತ್ತಾವನ ಹೆಸರಿನ್ಯಾಗ ಹುಡಗಾಟ ಬ್ಯಾಡ್ರಿ!” ಮುರಿಗೆಪ್ಪ ಎದ್ದು ನಿಂತ. “ಎಣ್ಣಿ ಸಿಕ್ಕೇತಿ ಅಂತ ರಿಪೋರ್ಟ್ ಐತಿ. ಉಂಡದ್ದು ಆ ಮನ್ಯಾಗ. ಎಣ್ಣಿ ಆ ಮನೀದು. ಇನ್ನೇನ ಬೇಕು ನಿಮಗ?”

“ಎಣ್ಣಿ ಸಿಕ್ಕೇತಿ. ಆದ್ರ ಅದು ಮೈಯಾಗ ಒಂದು ಗಳಿಗಿ ಇದ್ರೂ ಲಿವರ್ ಅದರಾಗಿನ ಒಂದು ಪಾಲು ಜಾಸ್ತಿ ಒಡದು ಹಾಕತಿತ್ತು. ಒಡದಿಲ್ಲ. ಎರಡೂ ಪಾಲು ಸರಿಸಮ ಅದಾವ. ಉಪ್ಪಿಗೆ ಹಾಕಿದ ಮ್ಯಾಲ ಸುರುವಿದ್ದಷ್ಟ ಹಂಗ ಇರ್ತೈತಿ. ಆ ಬರಣಿ ಮುಟ್ಟಾಕ ಆಸ್ಪದ ಇದ್ದಾವ್ರು, ಯಲ್ಲಪ್ಪನ ಬಣ್ಣದ ಕ್ವಾಣ್ಯಾಗೂ ನಿಂತಾವ್ರು, ಎರಡೂ ಕಡೆ ನೀವೊಬ್ಬರ.”

ಮುರಿಗೆಪ್ಪ ಹೊಲದ ಕಡೆ ಮುಖ ತಿರುಗಿಸಿದ. ಅವನು ಬಾಯಿ ಬಿಡುವವನಲ್ಲ ಎಂದು ಶಿದ್ಲಿಂಗಪ್ಪನಿಗೆ ಅನ್ನಿಸಿತು. ಇಂಥ ಮುಖಗಳನ್ನು ಅವನು ಠಾಣೆಯಲ್ಲಿ ಸಾಕಷ್ಟು ನೋಡಿದ್ದ. ಹೆದರಿಸಿದರೆ ಇನ್ನೂ ಗಟ್ಟಿಯಾಗುತ್ತವೆ. ಅವನು ದನಿ ಬದಲಿಸಿದ.

“ನನಗ ತಿಳೀದ್ದು ಒಂದ ಐತಿ. ಅಣ್ಣನ್ನ ಕೊಂದಾವ್ರು ಹಿಂಗ ಮಾಡಿದ್ರ ಅರ್ಥ ಐತಿ. ಆದ್ರ ನಿಮ್ಮಣ್ಣನ್ನ ಯಾರೂ ವಿಷಾ ಹಾಕಿ ಕೊಂದಿಲ್ಲ. ಭಕ್ತಿಯವ್ವ ಹುಡುಕದ ವಿಷಾ ಇಲ್ಲ. ಹೊಲದ ಎಣ್ಣಿ ಇಲ್ಲ, ಇಲಿ ಔಷಧ ಇಲ್ಲ. ವೀರಪ್ಪ ಏನೂ ಕುಡದಿರಲಿಲ್ಲ.”

ಮುರಿಗೆಪ್ಪ ಗಕ್ಕನೆ ತಿರುಗಿದ.

“ಏನಂದ್ರಿ?”

“ಏನೂ ಕುಡದಿರಲಿಲ್ಲ ಅಂದೆ.”

“ಹೊಲಕ್ಕ ಹೊಡಿಯೂ ಎಂಡ್ರಿನ್ ಇಲ್ಲ?”

“ಇಲ್ಲ.”

“ಸಾಹೇಬ್ರ, ಖರೆ ಹೇಳ್ರಿ. ನನ್ನ ಬಾಯಿ ಬಿಡಸಾಕ ಹಿಂಗ ಹೇಳಾಕತ್ತಿಲ್ಲಲ್ಲ? ನಿಮ್ಮ ಮಕ್ಕಳ ಆಣಿ ಮಾಡಿ ಹೇಳ್ರಿ.”

“ಮಕ್ಕಳ ಆಣಿ. ಬೇಕಾದ್ರ ಈಗ ನಡೀರಿ ಮೂಡಲಗಿಗೆ, ಆಕಿ ಬಾಯಿಂದನ ಕೇಳ್ರಿ.”

ಮುರಿಗೆಪ್ಪ ನಿಂತಲ್ಲೇ ಕುಸಿದು ಕೂತ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

“ನಾ ಅಣ್ಣಗ ಅಂದಿದ್ನ್ರಿ,” ಮುರಿಗೆಪ್ಪನ ದನಿ ಒಡೆದಿತ್ತು. “ಆ ಮುಂಜಾನಿ ಹೊಲದ ಕೆಲಸಾ ಬಿಟ್ಟು ಗೊಂಬಿ ಬೆನ್ನ ಹತ್ತೀದಿ ಅಂತ ಜಗಳಾ ತಗದೆ. ‘ನೀ ಮನ್ಯಾಗ ಇದ್ರೆಷ್ಟು, ಬಿಟ್ರೆಷ್ಟು’ ಅಂದೆ. ಅವ್ವನ ಮುಂದನ ಅಂದೆ. ಆಂವ ಏನೂ ಅನಲಿಲ್ಲ, ನಕ್ಕು ಗೋಕಾಕಕ್ಕ ಹ್ವಾದ. ಮರುದಿನಾ ಹೆಣಾ ನೋಡಿದೆ.”

“ಆಂವ ತಾನ ವಿಷಾ ಕುಡದಾನ ಅಂತ ತಿಳದ್ರಿ.”

“ಹೌದ್ರಿ. ನನ್ನ ಮಾತಿಗೆ ಕುಡದಾನ ಅಂತ. ಅವ್ವಗ ಅದು ತಿಳದಿದ್ರ ಅವತ್ತ ಆಕೀನೂ ಹೋಗತಿದ್ಲು. ಕೊಯ್ದ್ರ ಎಂಡ್ರಿನ್ ಸಿಗತೈತಿ, ಊರಿಗೆಲ್ಲಾ ಗೊತ್ತಾಗತೈತಿ ಅಂತ ತಲಿ ಕೆಟ್ಟು ಹೋತು. ಬ್ಯಾರೆ ಏನರ ಸಿಕ್ರ ಬ್ಯಾರೆಯಾವ್ರು ಹಾಕ್ಯಾರ ಅಂತಾರ. ಯಲ್ಲಪ್ಪನ ಬಣ್ಣದ ಕ್ವಾಣ್ಯಾಗ ಆ ಎಣ್ಣಿ ಸೀಸೆ ಕಂಡ್ತು, ಕಿಸೇದಾಗ ಇಟ್ಕೊಂಡೆ. ಸುರುವಿ ಸೀಸೆ ಇಲ್ಲೇ ಒಗದೆ.” ಅವನು ನೀರಿನ ಕಡೆ ಕೈ ತೋರಿಸಿದ. “ಅಂದಿನಿಂದ ದಿನಾ ಇಲ್ಲೇ ಬಂದು ಕೂಡತೇನ್ರಿ. ಯಲ್ಲಪ್ಪನ ಮಾರಿ ಕಣ್ಣ ಮುಂದ ಬರ್ತೈತಿ.”

“ಜೈಲಿನ ಅನ್ನಾ ಉಣ್ಣಾಕತ್ತಾನ ಆಂವ. ಹೆಂಡ್ತಿ ಒಲಿ ಮುಂದ ಕೂಡಾಕ ಹೆದರ್ತಿದ್ಲು.”

ಮುರಿಗೆಪ್ಪ ತಲೆ ಎತ್ತಿದ. ಕಣ್ಣು ಕೆಂಪಾಗಿದ್ದವು. ಆದರೆ ಬಂದಾಗ ನೋಡಿದ ಮಂಕು ಕವಿದ ಮುಖ ಅದಾಗಿರಲಿಲ್ಲ. ಹೆಗಲ ಮೇಲಿನ ಹೇರು ಇಳಿದವನ ಹಾಗೆ ಅವನು ಆಳವಾಗಿ ಉಸಿರೆಳೆದ.

“ನಾಳಿ ಕೋರ್ಟಿಗೆ ಬರ್ತೇನ್ರಿ. ಎಲ್ಲಾ ಹೇಳ್ತೇನಿ. ನನಗ ಏನ ಶಿಕ್ಷಾ ಆಗಬೇಕೋ ಆಗಲಿ. ಮದಲ ಮನಿಗೆ ಹೋಗಿ ಅವ್ವಗ ಹೇಳಬೇಕ್ರಿ, ಅಣ್ಣಾ ವಿಷಾ ಕುಡದು ಸತ್ತಿಲ್ಲ ಅಂತ.”

“ಅವ್ವಗ ಅನುಮಾನ ಇತ್ತೇನು?”

“ಆಕಿ ಕೇಳಿಲ್ಲ, ನಾ ಹೇಳಿಲ್ಲ. ಹಿಂಗ ಒಬ್ಬರ ಮಾರಿ ಒಬ್ಬರು ನೋಡದ ದಿನಾ ಕಳದೇವಿ.”

ಶಿದ್ಲಿಂಗಪ್ಪ ಅವನ ಬೆನ್ನ ಮೇಲೆ ಕೈಯಿಟ್ಟ. ನಾಳೆ ಯಲ್ಲಪ್ಪ ಹೊರಗೆ ಬರುತ್ತಾನೆ. ಅಷ್ಟು ಖಂಡಿತ. ಸಮಾಧಾನದಿಂದ ಎದ್ದು ಗಾಡಿಯ ಕಡೆ ನಾಲ್ಕು ಹೆಜ್ಜೆ ಹೋದವನು ನಿಂತ. ಏನೋ ಒಂದು ಹೊಂದಿಕೆಯಾಗಿರಲಿಲ್ಲ.

“ಮುರಿಗೆಪ್ಪ, ಜಗಳಾ ಆಗಿದ್ದು ಖರೆ. ಹಂಗಂತ ಹೆಣಾ ನೋಡಿದ ಕೂಡ್ಲೇ ಎಂಡ್ರಿನ್ ಅಂತ ಹೆಂಗ ನಿಮ್ಮ ತಲಿಗೆ ಬಂತು? ವಾಸನಿ ಇತ್ತೇನು?”

“ಇರಲಿಲ್ರಿ.”

“ಮತ್ತ?”

ಮುರಿಗೆಪ್ಪ ಬಾಯಿ ತೆರೆದು ಪಂಪಿನ ಕೋಣೆಯ ಕಡೆ ನೋಡಿದ. ಕುಡಗೋಲು ಮಸೆಯುವ ಸದ್ದು ನಿಂತು ಹೋಗಿತ್ತು. ಹೊಳೆಪ್ಪ ಅದನ್ನು ಅಲ್ಲೇ ನೆಲದ ಮೇಲೆ ಬಿಟ್ಟು, ತಲೆಯ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡು ನಡೆದು ಬರುತ್ತಿದ್ದ.

“ಧಣ್ಯಾರಿಗೆ ಏನೂ ಅನಬ್ಯಾಡ್ರಿ ಸಾಹೇಬ್ರ,” ಎಂದ ಮುದುಕ. “ವೀರಪ್ಪಣ್ಣಾರು ಎಂಡ್ರಿನ್ ಕುಡದಾರ ಅಂತ ಅವರಿಗೂ, ಡಾಕ್ಟರಿಗೂ ಹೇಳಿದಾಂವ ನಾನ.”

“ಕಣ್ಣಾರೆ ನೋಡಿದ್ದೇನು?”

“ಇಲ್ರಿ.”

“ಹಂಗಾದ್ರ ಯಾಕ ಹೇಳಿದಿ? ಯಾರ ಹೇಳಾಕ ಹಚ್ಚಿದ್ರು?”

ಹೊಳೆಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ.

“ವೀರಪ್ಪಣ್ಣಾರ ಹಚ್ಚಿದ್ರಿ.”

ಮುರಿಗೆಪ್ಪ ದಡಕ್ಕನೆ ಎದ್ದ. “ಏನ ಮಾತಾಡ್ತಿ ಹೊಳೆಪ್ಪಾ!”

“ಖರೇನ ಧಣ್ಯಾರ. ಸಾಯೂಕಿಂತ ಮದಲ, ಒಂದು ಸಂಜಿ ನನ್ನ ಕೈ ಹಿಡಕೊಂಡು ಆಣಿ ಮಾಡಿಸ್ಕೊಂಡ್ರು. ‘ನಾ ಒಮ್ಮಿಂದೊಮ್ಮಿಗೆ ಸತ್ರ ವಿಷಾ ಕುಡದಾನ ಅಂತ ಡಾಕ್ಟರಿಗೆ ಹೇಳು. ಇಲ್ಲಾಂದ್ರ ಇವರು ಸಂಜೀಕ ಮಣ್ಣ ಮಾಡಿ ಬಿಡ್ತಾರ. ವಿಷಾ ಅಂದ್ರನ ಕೊಯ್ದು ನೋಡ್ತಾರ’ ಅಂದ್ರು.”

ಶಿದ್ಲಿಂಗಪ್ಪ ಮುದುಕನ ತೀರ ಹತ್ತಿರ ಬಂದ. “ಕೊಯ್ದು ಏನ ನೋಡಬೇಕಂತ?”

“‘ನನ್ನ ಲಿವರ್ ನೋಡ್ಲಿ ಹೊಳೆಪ್ಪಾ’ ಅಂದ್ರಿ. ‘ಅದನ್ನ ಈ ಗತಿಗೆ ತಂದಾವ್ರು ಯಾರಂತ ಅವಾಗ ಎಲ್ಲರಿಗೂ ತಿಳೀತೈತಿ.’”

ಕಿಣ್ವ ಬಾಳ ನಿಧಾನ ಮಾಡ್ತು ಎಂದ ಭಕ್ತಿಯ ಮಾತು ಶಿದ್ಲಿಂಗಪ್ಪನಿಗೆ ಆಗ ನೆನಪಾಯಿತು; ವೀರಪ್ಪ ಸಾಯುವ ಮುಂಚೆಯೇ ಆ ಲಿವರ್ ಕೆಟ್ಟಿತ್ತು.